ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಇಡಿಯಾಗಿ ನೋಡುವುದು: ಸಣ್ಣ ಖಾಸಗಿ ಶಾಲೆಗಳಿಗೊಂದು ಮಾರ್ಗದರ್ಶಿ

ಐದನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬೋರ್ಡ್ ನೋಡಿ ಬರೆಯುತ್ತಲೇ ಇರಲಿಲ್ಲ, ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ. ಪಕ್ಕದವನು ರಜೆ ಹಾಕಿದ ದಿನ ಇವನ ಪುಟ ಖಾಲಿ. ಅವನ ಡೈರಿಯಲ್ಲಿ ಮೂರು ಸಲ ಕೆಂಪು ಶಾಯಿಯಲ್ಲಿ ‘ಪಾಠದ ಕಡೆ ಗಮನವಿಲ್ಲ’ ಎಂದು ಬರೆದವಳು ನಾನೇ. ಆಗಸ್ಟ್ ತಿಂಗಳ ಒಂದು ದಿನ ಮಳೆಗೆ ಕರೆಂಟ್ ಹೋಗಿ ತರಗತಿ ಕತ್ತಲಾಯಿತು. ಮಕ್ಕಳನ್ನೆಲ್ಲ ಜಗಲಿಗೆ ಕರೆದುಕೊಂಡು ಹೋಗಿ, ಅಂಗಳದಾಚೆ ಗೇಟಿನ ಮೇಲಿರುವ ಶಾಲೆಯ ಹೆಸರನ್ನು ಒಬ್ಬೊಬ್ಬರಿಂದ ಓದಿಸಿದೆ. ಅವನ ಸರದಿ ಬಂದಾಗ ಕೇಳಿದ: “ಟೀಚರ್, ಹೆಸರು ಎಲ್ಲಿದೆ?”

ಮರುವಾರ ಕನ್ನಡಕ ಬಂತು. ಎರಡೂ ಕಣ್ಣಿಗೆ ಮೈನಸ್ ಮೂರರ ಆಸುಪಾಸು. ಆ ಮಗು ಅಷ್ಟು ವರ್ಷ ಮಂಜಿನಲ್ಲಿ ಕೂತು ಪಾಠ ಕೇಳಿದೆ, ಅದಕ್ಕೆ ನಾನು ಬೈಗುಳವನ್ನೂ ಸೇರಿಸಿದ್ದೇನೆ ಎಂಬುದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆಮೇಲಿನ ವರ್ಷಗಳಲ್ಲಿ ನಾವು ಶಿಕ್ಷಕರೆಲ್ಲ ಸೇರಿ ಒಂದು ಕ್ರಮ ಕಟ್ಟಿಕೊಂಡೆವು. ನಮ್ಮದು ದಕ್ಷಿಣ ಕನ್ನಡದ ಅನುದಾನರಹಿತ ಶಾಲೆ. ಮಕ್ಕಳ ಫೀಸಿನಲ್ಲೇ ಸಂಬಳ, ಫೀಸಿನಲ್ಲೇ ಬಸ್ಸು. ಪೂರ್ಣಾವಧಿ ಆಪ್ತಸಮಾಲೋಚಕರನ್ನೋ ವಿಶೇಷ ಶಿಕ್ಷಕರನ್ನೋ ಇಟ್ಟುಕೊಳ್ಳುವ ಶಕ್ತಿ ನಮಗಿರಲಿಲ್ಲ. ನಿಮ್ಮ ಶಾಲೆಯೂ ಹಾಗೇ ಇದ್ದರೆ ಈ ಬರಹ ನಿಮಗಾಗಿ.

ನೆರವಿಗೆ ಒಂದು ಸರದಿ ಇದೆ. ಮೊದಲು ದೇಹ, ಆಮೇಲೆ ಭಾಷೆ, ಆಮೇಲೆ ಪಾಠ. ಮನಸ್ಸನ್ನು ಉದ್ದಕ್ಕೂ ನೋಡುತ್ತಿರಬೇಕು. ಹೆಚ್ಚಿನ ಶಾಲೆಗಳು ಕೊನೆಯಿಂದ ಶುರು ಮಾಡುತ್ತವೆ. ಅಂಕ ಕಡಿಮೆ ಬಂತು, ಸಂಜೆ ಎಕ್ಸ್‌ಟ್ರಾ ಕ್ಲಾಸ್ ಇಟ್ಟರು. ಕಣ್ಣು ಕಾಣದ ಮಗುವಿಗೆ ಸಂಜೆಯೂ ಬೋರ್ಡ್ ಕಾಣುವುದಿಲ್ಲ.

ಮೊದಲ ಹೆಜ್ಜೆ: ಒಬ್ಬರ ಹೆಗಲಿಗೆ, ಎಲ್ಲರ ಕಿವಿಗೆ

‘ಇದು ಎಲ್ಲ ಶಿಕ್ಷಕರ ಜವಾಬ್ದಾರಿ’ ಎಂದರೆ ಯಾರೂ ಮಾಡುವುದಿಲ್ಲ. ಒಬ್ಬರನ್ನು ಸಂಚಾಲಕರನ್ನಾಗಿ ಮಾಡಿ. ಅವರಿಗೆ ವಾರಕ್ಕೆ ಕನಿಷ್ಠ ನಾಲ್ಕು ಪೀರಿಯಡ್ ಬಿಡುವು ಕೊಡಿ. ಬಿಡುವು ಕೊಡದೆ ಹೆಸರು ಮಾತ್ರ ಕೊಟ್ಟರೆ ಜೂನ್‌ನ ಉತ್ಸಾಹ ಜುಲೈಗೆ ಮುಗಿಯುತ್ತದೆ. ಆಡಳಿತ ಮಂಡಳಿಯ ಜತೆ ಜಗಳವಾದರೂ ಸರಿ, ಈ ನಾಲ್ಕು ಪೀರಿಯಡ್ ಪಡೆದುಕೊಂಡೇ ಮುಂದೆ ಹೋಗಿ. ಮಂಡಳಿಯವರು ಒಪ್ಪದಿದ್ದರೆ ಕಾನೂನಿನ ಮಾತು ಹೇಳಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಸರ್ಕಾರದ ಅನುದಾನ ಪಡೆಯುವ ಶಾಲೆಗಳಿಗಷ್ಟೇ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆಗಳಿಗೂ ಅನ್ವಯಿಸುತ್ತದೆ. ಮಕ್ಕಳ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಕ್ರಮ ಕೈಗೊಳ್ಳಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ.

ಹದಿನೈದು ದಿನಕ್ಕೊಮ್ಮೆ, ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ, ಮುಕ್ಕಾಲು ಗಂಟೆ ಕೂತುಕೊಳ್ಳಿ. ಕ್ಲಾಸ್ ಟೀಚರ್, ಭಾಷಾ ಶಿಕ್ಷಕರು, ದೈಹಿಕ ಶಿಕ್ಷಕರು ಇರಲಿ. ಆಯಾ ಮತ್ತು ಬಸ್ ಡ್ರೈವರ್ ಇರಲೇಬೇಕು. ಯಾವ ಮಗು ಬುತ್ತಿಯನ್ನು ಹಾಗೇ ವಾಪಸ್ ಒಯ್ಯುತ್ತದೆ, ಯಾವುದು ಪೀರಿಯಡ್ ನಡುವೆ ಮತ್ತೆ ಮತ್ತೆ ಶೌಚಾಲಯಕ್ಕೆ ಬಂದು ಅಡಗಿಕೊಳ್ಳುತ್ತದೆ ಎಂಬುದು ಆಯಾಗೆ ಗೊತ್ತು. ಬೆಳಿಗ್ಗೆ ಬಸ್ ಹತ್ತುವಾಗ ಯಾರ ಕಣ್ಣು ಕೆಂಪಾಗಿರುತ್ತದೆ, ಯಾರನ್ನು ಹಿಂದಿನ ಸೀಟಿನಲ್ಲಿ ದೊಡ್ಡವರು ಕಾಡುತ್ತಾರೆ ಎಂಬುದು ಡ್ರೈವರಿಗೆ ಗೊತ್ತು. ಅಳುತ್ತಿರುವ ಮಗುವನ್ನು ನಾವು “ಏನಾಯ್ತು?” ಎಂದು ಕೇಳಿದರೆ ತಲೆ ತಗ್ಗಿಸುತ್ತದೆ. ಆಯಾ ತುಳುವಿನಲ್ಲಿ “ದಾದ ಆಂಡ್?” ಎಂದು ಕೇಳಿದರೆ ಎಲ್ಲ ಹೇಳುತ್ತದೆ.

ಸಭೆಯಲ್ಲಿ ಕೇಳಿದ್ದು ಸ್ಟಾಫ್ ರೂಮಿನ ಹರಟೆಗೆ ಹೋಗಬಾರದು. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ.

ಎರಡನೇ ಹೆಜ್ಜೆ: ಕಣ್ಣು, ಕಿವಿ, ಹೊಟ್ಟೆ, ನಿದ್ದೆ

ಶಾಲೆ ಶುರುವಾದ ಮೊದಲ ಐದಾರು ವಾರಗಳಲ್ಲಿ ಇದನ್ನು ಮುಗಿಸಿ. ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಡುತ್ತಲೇ ಇರುತ್ತಾರೆ, ದಿನ ಕಳೆದುಹೋಗುತ್ತದೆ. ಹಿಂದುಳಿದವರನ್ನು ಮಾತ್ರ ಆರಿಸಿ ಕರೆಯಬೇಡಿ, ಎಲ್ಲ ಮಕ್ಕಳನ್ನೂ ನೋಡಿ. ಆರಿಸಿ ಕರೆದ ಕೂಡಲೇ ಉಳಿದ ಮಕ್ಕಳು ಹೆಸರಿಡುತ್ತಾರೆ.

ಕಣ್ಣಿಗೆ ಸ್ನೆಲ್ಲೆನ್ ಚಾರ್ಟ್ ಸಾಕು, ಸಾಲು ಸಾಲಾಗಿ ಅಕ್ಷರ ಸಣ್ಣದಾಗುತ್ತಾ ಹೋಗುವ ಹಾಳೆ ಅದು. ಗೋಡೆಯಿಂದ 6 ಮೀಟರ್ ಅಳೆದು ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ತರಗತಿ ಸಾಲದಿದ್ದರೆ ಜಗಲಿ ಇದೆ. ಒಂದು ಕಣ್ಣನ್ನು ಅಂಗೈಯಿಂದ, ಒತ್ತದ ಹಾಗೆ ಮುಚ್ಚಿಸಿ, ಒಂದೊಂದೇ ಕಣ್ಣು ಪರೀಕ್ಷಿಸಿ. ಎರಡೂ ಕಣ್ಣು ಒಟ್ಟಿಗೆ ನೋಡಿದರೆ ಒಂದು ಕಣ್ಣಿನ ದೋಷ ಇನ್ನೊಂದರ ಹಿಂದೆ ಅಡಗಿಬಿಡುತ್ತದೆ. ಅಕ್ಷರ ಬಾರದ ಪುಟ್ಟ ಮಕ್ಕಳಿಗೆ ಇಂಗ್ಲಿಷಿನ ‘E’ ಅಕ್ಷರ ನಾಲ್ಕು ದಿಕ್ಕಿಗೆ ತಿರುಗಿರುವ ಚಾರ್ಟ್ ಇದೆ, ಮಗು ಬೆರಳಿನಲ್ಲಿ ದಿಕ್ಕು ತೋರಿಸಿದರೆ ಆಯಿತು. 6/9ರ ಸಾಲು, ಅಂದರೆ ಸರಿಯಾದ ಕಣ್ಣು 9 ಮೀಟರಿನಿಂದಲೇ ಓದಬಲ್ಲ ಸಾಲು, ತಡವರಿಸುವ ಯಾವ ಮಗುವನ್ನೂ ನಾವು ಕಣ್ಣಿನ ಡಾಕ್ಟರ ಬಳಿ ಕಳಿಸುತ್ತೇವೆ. ಕನ್ನಡಕ ಬಂದ ಮೇಲೆ ಅದನ್ನು ಮಗು ಹಾಕಿಕೊಳ್ಳುತ್ತದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಬ್ಯಾಗಿನೊಳಗೆ ಉಳಿಯುವ ಕನ್ನಡಕಗಳೇ ಹೆಚ್ಚು, ಹುಡುಗಿಯರಲ್ಲಂತೂ ಮನೆಯವರೇ “ಶಾಲೆಯಲ್ಲಿ ಮಾತ್ರ ಹಾಕು” ಅನ್ನುತ್ತಾರೆ.

ಕಿವಿಯ ಪರೀಕ್ಷೆ ಇನ್ನೂ ಸುಲಭ. ಮಗುವಿನ ಹಿಂದೆ ಒಂದು ತೋಳಿನಷ್ಟು ದೂರ ನಿಂತು, ಒಂದು ಕಿವಿಯನ್ನು ಮುಚ್ಚಿಸಿ, ಪಿಸುಮಾತಿನಲ್ಲಿ ಎರಡಂಕಿಯ ಸಂಖ್ಯೆ ಹೇಳಿ, ತಿರುಗಿ ಹೇಳಿಸಿ. ಹಿಂದೆಯೇ ನಿಲ್ಲಬೇಕು, ಎದುರು ನಿಂತರೆ ತುಟಿ ನೋಡಿ ಹೇಳಿಬಿಡುತ್ತವೆ. ಮಳೆಗಾಲದಲ್ಲಿ ಶೀತ ಹಿಡಿದು ಕಿವಿಯ ತಮಟೆಯ ಹಿಂದೆ ದ್ರವ ತುಂಬಿದರೆ ಕೇಳಿಸುವಿಕೆ ಒಂದು ವಾರ ಇದ್ದು ಒಂದು ವಾರ ಇರುವುದಿಲ್ಲ. ಅಂಥ ಮಗುವನ್ನೇ ನಾವು ‘ಬೇಕಾದಾಗ ಮಾತ್ರ ಕೇಳಿಸುತ್ತದೆ’ ಎಂದು ಬೈಯುವುದು. ಕಿವಿ ಸೋರುವ ಮಗುವನ್ನು ತಡಮಾಡದೆ ಡಾಕ್ಟರಿಗೆ ತೋರಿಸಿ.

ಹೊಟ್ಟೆಯ ವಿಷಯ ಕೇಳಲು ನಮಗೆ ಸಂಕೋಚ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇದೆ, ಹಾಲು ಇದೆ. ಅನುದಾನರಹಿತ ಶಾಲೆಯ ಮಗು ಫೀಸು ಕೊಡುತ್ತದೆ, ಆದ್ದರಿಂದ ಉಂಡಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಬಸ್ಸು 7.15ಕ್ಕೆ ಬರುವ ಮನೆಯಲ್ಲಿ ಮಗು ಅರ್ಧ ಲೋಟ ಚಹಾ ಕುಡಿದು ಹತ್ತಿರುತ್ತದೆ. ಮೂರನೇ ಪೀರಿಯಡಿಗೆ ತಲೆ ಡೆಸ್ಕಿನ ಮೇಲೆ. ನಾವು ಮೊದಲ ಪೀರಿಯಡ್ ಆದ ಮೇಲೆ ಹತ್ತು ನಿಮಿಷದ ತಿಂಡಿ ಬಿಡುವು ಇಟ್ಟೆವು. ಇದಕ್ಕೆ ಪೈಸೆ ಖರ್ಚಾಗಲಿಲ್ಲ. ಗಣಿತದ ಪೀರಿಯಡಿನಲ್ಲಿ ಆದ ಬದಲಾವಣೆಯನ್ನು ಗಣಿತದ ಮೇಷ್ಟರೇ ಮೊದಲು ಗಮನಿಸಿದರು. ಸದಾ ಸುಸ್ತಾಗಿರುವ, ಬಿಳಿಚಿಕೊಂಡ ಮಗುವಿಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ.

ನಿದ್ದೆ: ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ಬೇಕು. “ರಾತ್ರಿ ಎಷ್ಟು ಗಂಟೆಗೆ ಮಲಗಿದೆ?” ಎಂದು ಒಂದು ವಾರ ದಿನವೂ ಹಾಜರಿಯ ಜತೆ ಕೇಳಿ ಬರೆದುಕೊಳ್ಳಿ. ಯಾರ ಮನೆಯಲ್ಲಿ ಮೊಬೈಲ್ ಎಷ್ಟು ಹೊತ್ತಿನವರೆಗೆ ಉರಿಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಮೂರನೇ ಹೆಜ್ಜೆ: ಹತ್ತು ನಿಮಿಷ, ಒಂದೇ ಮಗುವಿನ ಜತೆ

ಇಡೀ ಕೆಲಸದ ಜೀವಾಳ ಇದು. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಓದಿಸಿ, ಲೆಕ್ಕ ಮಾಡಿಸಿ. ಎದುರಿಗೆ ಕೂರಿಸಬೇಡಿ, ಪಕ್ಕಕ್ಕೆ. ಕೆಂಪು ಪೆನ್ನು ಕೈಯಲ್ಲಿ ಬೇಡ.

ಮಗುವಿನ ತರಗತಿಗಿಂತ ಎರಡು ತರಗತಿ ಕೆಳಗಿನ ಪುಸ್ತಕದಿಂದ ಅದು ಹಿಂದೆ ನೋಡಿರದ ಒಂದು ಪ್ಯಾರಾ ಕೊಡಿ. ಮಗು ಓದಿದ್ದನ್ನು ಓದಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ತಪ್ಪುಗಳೇ ನಿಮಗೆ ದಾರಿ ತೋರಿಸುತ್ತವೆ. ‘ಕಾಲು’ ಎಂಬುದನ್ನು ‘ಕಲು’ ಎಂದು ಓದುವ ಮಗುವಿಗೆ ದೀರ್ಘ ಕೂತಿಲ್ಲ. ‘ಹತ್ತಿ’ಯನ್ನು ‘ಹತಿ’ ಎನ್ನುವ ಮಗು ಕೆಳಗಿನ ಒತ್ತನ್ನು ನೋಡುತ್ತಿಲ್ಲ. ‘ಪುಸ್ತಕ’ವನ್ನು ‘ಪುಸತಕ’ ಎಂದರೆ ಸಜಾತಿ ಒತ್ತು (ಅಕ್ಷರಕ್ಕೆ ಅದರದೇ ಒತ್ತು) ಬರುತ್ತದೆ, ವಿಜಾತಿ (ಬೇರೆ ಅಕ್ಷರದ ಒತ್ತು) ಬರುವುದಿಲ್ಲ. ‘ಸೂರ್ಯ’ ‘ಸೂಯರ’ ಆದರೆ ಅರ್ಕಾವತ್ತಿನ ತೊಂದರೆ. ಬಾಯಲ್ಲಿ ಮೊದಲು ಬರುವ ರಕಾರ ಕಾಗದದ ಮೇಲೆ ಆಮೇಲೆ ಬರುತ್ತದೆ, ಮಗು ಕಂಡದ್ದನ್ನೇ ಓದಿದೆ. ಅದು ಸೋಮಾರಿತನವಲ್ಲ, ಪ್ರಾಮಾಣಿಕತೆ. ಪ, ಷ, ಫ ಅಥವಾ ದ, ಧ, ಥ ಕಲಸಿಹೋಗುವುದು ಸಣ್ಣ ತರಗತಿಯಲ್ಲಿ ಸಹಜ, ಐದನೇ ತರಗತಿಯಲ್ಲೂ ಹಾಗೇ ಉಳಿದರೆ ಗಮನ ಬೇಕು.

ಕನ್ನಡದ ಲಿಪಿ ಇಂಗ್ಲಿಷಿನ 26 ಅಕ್ಷರಗಳ ಹಾಗೆ ಒಂದು ವರ್ಷದಲ್ಲಿ ಕಲಿತು ಮುಗಿಸುವಂಥದ್ದಲ್ಲ ಎಂಬುದನ್ನು ನೆನಪಿಡಿ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗುವಿನ ಕಣ್ಣಿಗೆ ನೂರಾರು ರೂಪಗಳು. ಅದರಲ್ಲೂ ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ನಾಲ್ಕನೇ ತರಗತಿಯಲ್ಲೂ ಒತ್ತಕ್ಷರ ತಡವರಿಸುವ ಮಕ್ಕಳು ಬಹಳ. ಅವರಿಗೆಲ್ಲ ಡಿಸ್ಲೆಕ್ಸಿಯಾ (ಬುದ್ಧಿ ಇದ್ದೂ ಓದು ಬರಹ ತೊಡಕಾಗುವ ನ್ಯೂನತೆ) ಎಂಬ ಹಣೆಪಟ್ಟಿ ಹಚ್ಚಬೇಡಿ. ಎಷ್ಟೋ ಮಕ್ಕಳಿಗೆ ಒತ್ತಕ್ಷರವನ್ನು ಯಾರೂ ನಿಧಾನವಾಗಿ ಕಲಿಸಿರುವುದಿಲ್ಲ, ಅಷ್ಟೆ.

ಓದಿ ಮುಗಿದ ಮೇಲೆ ಇನ್ನೊಂದು ಕೆಲಸ ಇದೆ, ಇದನ್ನು ಬಿಡಬೇಡಿ. ಅಷ್ಟೇ ಕಷ್ಟದ ಬೇರೊಂದು ಪ್ಯಾರಾವನ್ನು ನೀವು ಓದಿ ಹೇಳಿ, ಮಗು ಕೇಳಿಸಿಕೊಂಡು ಕಥೆ ಹೇಳಲಿ. ಕೇಳಿದ್ದು ಚೆನ್ನಾಗಿ ಅರ್ಥವಾಗಿ, ಓದಿದ್ದು ಮಾತ್ರ ಅರ್ಥವಾಗದಿದ್ದರೆ ತೊಂದರೆ ಅಕ್ಷರದಲ್ಲಿದೆ. ಕೇಳಿದ್ದೂ ಅರ್ಥವಾಗದಿದ್ದರೆ ಅದನ್ನೇ ಮನೆಮಾತಿನಲ್ಲಿ ಹೇಳಿ ನೋಡಿ. ನಮ್ಮಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮಾತಾಡುವ ಮನೆಗಳಿಂದ ಮಕ್ಕಳು ಬರುತ್ತಾರೆ, ಪಾಠ ಇಂಗ್ಲಿಷಿನಲ್ಲಿ, ಎರಡನೇ ಭಾಷೆ ಕನ್ನಡ. ತುಳುವಿನಲ್ಲಿ ಹೇಳಿದಾಗ ಕಣ್ಣು ಅರಳಿಸಿ ಉತ್ತರ ಕೊಡುವ ಮಗುವಿಗೆ ಬುದ್ಧಿಯ ಕೊರತೆ ಇಲ್ಲ, ಇಂಗ್ಲಿಷಿನ ಕೊರತೆ ಇದೆ. ಅದಕ್ಕೆ ಬೇಕಾದದ್ದು ಮಾತು, ಮಾತು, ಇನ್ನಷ್ಟು ಮಾತು. ವಿಜ್ಞಾನದ ಪಾಠವನ್ನು ಮೊದಲು ಗೊತ್ತಿರುವ ಭಾಷೆಯಲ್ಲಿ ಹೇಳಿ, ಆಮೇಲೆ ಇಂಗ್ಲಿಷ್ ಪದ ಕೊಡಿ. ‘ಶಾಲೆಯಲ್ಲಿ ಇಂಗ್ಲಿಷ್ ಮಾತ್ರ’ ಎಂಬ ದಂಡದ ನಿಯಮ ನಿಮ್ಮಲ್ಲಿದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ. ಅದು ಮಗುವಿನ ಬಾಯಿ ಮುಚ್ಚಿಸುತ್ತದೆ, ಬಾಯಿ ಮುಚ್ಚಿದ ಮಗು ಯಾವ ಭಾಷೆಯನ್ನೂ ಕಲಿಯುವುದಿಲ್ಲ.

ಲೆಕ್ಕಕ್ಕೆ ಒಂದೇ ಉದಾಹರಣೆ ಸಾಕು. 403ರಿಂದ 156 ಕಳೆಯಲು ಕೊಡಿ, ಮಾಡುತ್ತಾ ಬಾಯಲ್ಲಿ ಹೇಳಲಿ. ಉತ್ತರ 353 ಬಂದರೆ ಮಗು ಪ್ರತಿ ಸಾಲಿನಲ್ಲೂ ದೊಡ್ಡದರಿಂದ ಸಣ್ಣದನ್ನು ಕಳೆದಿದೆ, ದಶಕ ಬಿಡಿಸುವುದು ಅದಕ್ಕೆ ತಿಳಿದಿಲ್ಲ. ಇನ್ನೂ ನೂರು ಲೆಕ್ಕ ಮಾಡಿಸಿದರೆ ನೂರು ಸಲ ಅದೇ ತಪ್ಪು ಗಟ್ಟಿಯಾಗುತ್ತದೆ. ಹಿಡಿಸೂಡಿ (ಪೊರಕೆ) ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ ರಬ್ಬರ್ ಹಾಕಿ ಕೊಡಿ. ಕಟ್ಟು ಬಿಚ್ಚಿ ಬಿಡಿ ಕಡ್ಡಿ ಮಾಡುವುದನ್ನು ಕೈ ಕಲಿತರೆ ತಲೆಗೂ ಬರುತ್ತದೆ. ಎಂಬತ್ತೊಂಬತ್ತು, ತೊಂಬತ್ತೆಂಟು ಅದಲುಬದಲಾಗುವ ಮಗುವಿಗೂ ಈ ಕಟ್ಟುಗಳೇ ಮದ್ದು.

ನಾಲ್ಕನೇ ಹೆಜ್ಜೆ: ಒಂದು ಮಗು, ಒಂದು ಪುಟ

ಉದ್ದನೆಯ ಫಾರಂ ಯಾರೂ ಓದುವುದಿಲ್ಲ. ನಾವು 200 ಪುಟದ ನೋಟ್‌ಬುಕ್ಕಿನಲ್ಲಿ ಮಗುವಿಗೊಂದು ಪುಟ ಇಟ್ಟಿದ್ದೇವೆ. ನಾಲ್ಕನೇ ತರಗತಿಯ ಒಬ್ಬಳ ಪುಟ ಜೂನ್ ಕೊನೆಯಲ್ಲಿ ಹೀಗಿತ್ತು:

ಚೆನ್ನಾಗಿ ಬರುವುದು: ಕಥೆ ಹೇಳುವುದು, ಚಿತ್ರ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು.
ಕಷ್ಟ: ಒತ್ತಕ್ಷರ ಬಿಟ್ಟು ಓದುತ್ತಾಳೆ. ನಿಮಿಷಕ್ಕೆ 22 ಪದ. ಎದ್ದು ನಿಂತು ಓದು ಎಂದರೆ ಹೊಟ್ಟೆನೋವು ಎನ್ನುತ್ತಾಳೆ.
ಗುರಿ: ಸಜಾತಿ ಒತ್ತಕ್ಷರದ ಪದ ತಪ್ಪಿಲ್ಲದೆ ಓದುವುದು. ವಾರಕ್ಕೊಮ್ಮೆ ಒಂದನೇ ತರಗತಿಗೆ ಹೋಗಿ ಕಥೆ ಓದಿ ಹೇಳುವುದು.
ಯಾರು, ಯಾವಾಗ: ಕನ್ನಡ ಟೀಚರ್. ಸೋಮ, ಮಂಗಳ, ಗುರು, ಶುಕ್ರ, ಬೆಳಿಗ್ಗೆ 9.10ರಿಂದ 9.35.
ಮನೆಯಲ್ಲಿ: ಅಜ್ಜಿಗೆ ದಿನಾ ಐದು ಸಾಲು ಓದಿ ಹೇಳುವುದು.
ಮತ್ತೆ ನೋಡುವುದು: ಆಗಸ್ಟ್ ಮೂರನೇ ಶನಿವಾರ.

ಚೆನ್ನಾಗಿ ಬರುವುದನ್ನೇ ಮೊದಲು ಬರೆಯಬೇಕು. ಬರೆಯಲು ಏನೂ ಹೊಳೆಯದಿದ್ದರೆ ಆ ಮಗುವನ್ನು ನೀವು ಇನ್ನೂ ನೋಡಿಲ್ಲ ಎಂದರ್ಥ. ಮೈದಾನಕ್ಕೆ ಹೋಗಿ ನೋಡಿ. ಎರಡು ಸಾಲು ಗದ್ಯ ಬಾಯಿಪಾಠ ಮಾಡಲಾಗದ ನಮ್ಮ ಒಬ್ಬ ಹುಡುಗ ಯಕ್ಷಗಾನದ ಅರ್ಥಗಾರಿಕೆಯನ್ನು ಇಪ್ಪತ್ತು ನಿಮಿಷ ತಡೆಯಿಲ್ಲದೆ ಹೇಳುತ್ತಿದ್ದ. ನೆನಪಿನ ಶಕ್ತಿ ಬೇಕಾದಷ್ಟಿತ್ತು, ಕಿವಿಯ ದಾರಿಯಲ್ಲಿ ಇತ್ತು. ಸಮಾಜದ ಪಾಠವನ್ನು ಸಂಭಾಷಣೆ ಮಾಡಿ ಕೊಟ್ಟಾಗ ಅವನೂ ಕಲಿತ, ಅವನ ಗುಂಪೂ ಕಲಿಯಿತು.

ಗುರಿ ಎರಡಕ್ಕಿಂತ ಹೆಚ್ಚು ಬೇಡ. ಆರೇಳು ವಾರದಲ್ಲಿ ಮತ್ತೆ ನೋಡುವ ದಿನ ಬರೆಯದಿದ್ದರೆ ಆ ಪುಟ ಸತ್ತ ಹಾಗೆಯೇ. ನಿಮಿಷಕ್ಕೆ ಎಷ್ಟು ಪದ ಎಂಬ ಲೆಕ್ಕದ ಬಗ್ಗೆ ಒಂದು ಮಾತು. ಸಣ್ಣ ತರಗತಿಗಳ ಓದು, ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಕಾರ್ಯಕ್ರಮ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ ಅರ್ಥಸಹಿತ ಓದುವ ಗುರಿ ಇಟ್ಟಿದೆ. ಕನ್ನಡದಲ್ಲಿ ಪದಗಳೇ ಉದ್ದ, ಪ್ರತ್ಯಯಗಳು ಅಂಟಿಕೊಂಡು ಬರುತ್ತವೆ. ಆದ್ದರಿಂದ ಆ ಸಂಖ್ಯೆ ಹಿಡಿದು ಮಗುವನ್ನು ಅಳೆಯುವ ಬದಲು, ಜೂನ್‌ನ ಅದೇ ಮಗುವಿನ ಜತೆ ಅಕ್ಟೋಬರಿನ ಮಗುವನ್ನು ಹೋಲಿಸಿ.

ಐದನೇ ಹೆಜ್ಜೆ: ತರಗತಿಯೊಳಗೆ ಬದಲಾಯಿಸುವುದು

ಬೇರೆ ಕೂರಿಸಿ ಕಲಿಸುವುದಕ್ಕಿಂತ ಮೊದಲು ತರಗತಿಯಲ್ಲೇ ಮಾಡಬಹುದಾದದ್ದು ಬಹಳ ಇದೆ. ಮುಂದಿನ ಬೆಂಚು, ಕಿಟಕಿಯ ಬೆಳಕು. ಬೋರ್ಡಿನಿಂದ ಒಂದು ಪುಟ ಬರೆಸುವ ಬದಲು ಅರ್ಧ ಪುಟ, ಉಳಿದದ್ದು ಅಂಟಿಸಿಕೊಳ್ಳಲು ಝೆರಾಕ್ಸ್. ಪರೀಕ್ಷೆಯಲ್ಲಿ ಕೆಲವು ಪ್ರಶ್ನೆಗೆ ಬಾಯಲ್ಲಿ ಉತ್ತರ. ಎಲ್ಲರೆದುರು ಎದ್ದು ನಿಲ್ಲಿಸಿ ಓದಿಸುವುದನ್ನು ಓದಲು ಕಷ್ಟಪಡುವ ಮಗುವಿಗೆ ಮಾಡಬೇಡಿ. ಹಿಂದಿನ ದಿನವೇ “ನಾಳೆ ಈ ಮೂರು ಸಾಲು ನಿನ್ನದು” ಎಂದು ಗುಟ್ಟಾಗಿ ಹೇಳಿ ಕಳಿಸಿ. ಮನೆಯಲ್ಲಿ ಹತ್ತು ಸಲ ಓದಿಕೊಂಡು ಬರುತ್ತದೆ. ಮರುದಿನ ಆ ಮೂರು ಸಾಲು ಓದಿ ಕೂತುಕೊಳ್ಳುವಾಗಿನ ಮುಖ ನೋಡಿದ ಶಿಕ್ಷಕರು ಇದನ್ನು ಮತ್ತೆ ಕೈಬಿಡುವುದಿಲ್ಲ.

ಇದು ಸಾಲದ ಮಕ್ಕಳಿಗೆ ನಾಲ್ಕೈದು ಜನರ ಸಣ್ಣ ಗುಂಪು, ವಾರಕ್ಕೆ ನಾಲ್ಕು ದಿನ, 25 ನಿಮಿಷ. ಒತ್ತಕ್ಷರವಾದರೆ ಮೊದಲು ಅಕ್ಕ, ಅಪ್ಪ, ಹತ್ತು, ಕಣ್ಣು. ಆಮೇಲೆ ಯ ಮತ್ತು ರ ಒತ್ತು, ಆಮೇಲೆ ಉಳಿದ ವಿಜಾತಿ, ಕೊನೆಗೆ ಅರ್ಕಾವತ್ತು. ಒಂದು ವಾರಕ್ಕೆ ಒಂದು ಬಗೆ. ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಯುತ್ತಾ ಬಾಯಲ್ಲಿ ಬಿಡಿಸಿ ಹೇಳಬೇಕು.

ಆಟದ ಪೀರಿಯಡ್, ಚಿತ್ರಕಲೆಯ ಪೀರಿಯಡ್ ಕಿತ್ತುಕೊಂಡು ಈ ಗುಂಪು ನಡೆಸಬಾರದು. ಇದರಲ್ಲಿ ನಾನು ರಾಜಿಗೆ ಸಿದ್ಧಳಿಲ್ಲ. ಓದಿನಲ್ಲಿ ಸೋಲುವ ಮಗು ದಿನವಿಡೀ ಗೆಲ್ಲುವುದು ಖೋಖೋ ಅಂಕಣದಲ್ಲಿ ಮಾತ್ರ ಆಗಿರಬಹುದು. ಪ್ರತಿಭಾ ಕಾರಂಜಿಯ ವೇದಿಕೆ, ತಾಲೂಕು ಕ್ರೀಡಾಕೂಟ, ಇವು ಅಂಕ ಬಂದವರಿಗೆ ಕೊಡುವ ಬಹುಮಾನ ಆಗಬಾರದು. ಬೆಳಗಿನ ಅಸೆಂಬ್ಲಿಯ ಸಮಯ, ಗ್ರಂಥಾಲಯದ ಪೀರಿಯಡ್, ಇವನ್ನು ಬಳಸಿಕೊಳ್ಳಿ.

ಆರನೇ ಹೆಜ್ಜೆ: ಮನಸ್ಸು

ಪ್ರತಿ ಮಗುವಿಗೂ ಶಾಲೆಯಲ್ಲಿ ಒಬ್ಬ ದೊಡ್ಡವರು ತನ್ನವರು ಎನಿಸಬೇಕು. ಸಭೆಯಲ್ಲಿ ಹಾಜರಿ ಪುಸ್ತಕ ತೆರೆದು ಒಂದೊಂದು ಹೆಸರಿನ ಮುಂದೆ ‘ಈ ಮಗು ಯಾರ ಹತ್ತಿರ ಮಾತಾಡುತ್ತದೆ?’ ಎಂದು ಬರೆದು ನೋಡಿ. ಖಾಲಿ ಉಳಿದ ಹೆಸರುಗಳನ್ನು ಹಂಚಿಕೊಳ್ಳಿ. ದಿನಕ್ಕೆ ಎರಡು ನಿಮಿಷ, ಓದಿನ ಮಾತಿಲ್ಲದ ಎರಡು ನಿಮಿಷ.

ಬೆತ್ತ ತೋರಿಸುವುದು, ಮೊಣಕಾಲೂರಿಸುವುದು, ಎಲ್ಲರೆದುರು ಹೀಯಾಳಿಸುವುದು ಶಿಸ್ತಿನ ಹೆಸರಿನಲ್ಲಿ ಇನ್ನೂ ನಡೆಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಆ ಕಾಯ್ದೆಯಡಿ ಸೀಟು ಪಡೆದ ಮಕ್ಕಳನ್ನು ತರಗತಿಯಲ್ಲಿ ‘ಆರ್‌ಟಿಇ ಮಕ್ಕಳು’ ಎಂದು ಕರೆಯುವುದೂ ಕಿರುಕುಳವೇ.

ಇದ್ದಕ್ಕಿದ್ದಂತೆ ಮಾತು ಬಿಟ್ಟ ಮಗು, ಗೆಳೆಯರಿಂದ ದೂರ ಕೂರುವ ಮಗು, ಅಕ್ಷರ ಕೆಟ್ಟ ಮಗು, ತೋಳಿನ ಗಾಯ ಮುಚ್ಚಿಕೊಳ್ಳುವ ಮಗು, ಇವನ್ನು ಶನಿವಾರದವರೆಗೆ ಕಾಯಿಸಬೇಡಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಅದೇ ದಿನ ಮನೆಯವರನ್ನು ಕರೆಸಿ, ವೈದ್ಯರ ಬಳಿ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಶಾಲೆಯ ಹೆಸರು ಕೆಡುತ್ತದೆ ಎಂದು ಒಳಗೊಳಗೇ ಮುಗಿಸುವುದು ಅಪರಾಧ. “ಯಾರಿಗೂ ಹೇಳಬೇಡಿ” ಎಂದು ಮಗು ಕೇಳಿದರೆ ಮಾತು ಕೊಡಬೇಡಿ. “ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ” ಎನ್ನಿ.

ಏಳನೇ ಹೆಜ್ಜೆ: ಮನೆಯವರ ಜತೆ ಮಾತು

ಶಾಲೆಯಿಂದ ಫೋನ್ ಬಂತೆಂದರೆ ದೂರು ಎಂದೇ ತಾಯಂದಿರ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ಮೊದಲ ಫೋನ್ ಒಳ್ಳೆಯ ಸುದ್ದಿಗೆ ಮಾಡಿ. “ಇವತ್ತು ನಿಮ್ಮ ಮಗಳು ಒಂದನೇ ಕ್ಲಾಸಿನ ಮಗುವಿನ ಕೈ ಹಿಡಿದು ಬಸ್ಸಿಗೆ ಹತ್ತಿಸಿದಳು, ಹೇಳಬೇಕು ಅನ್ನಿಸಿತು.” ಅಷ್ಟೇ ಹೇಳಿ ಇಟ್ಟುಬಿಡಿ. ವಾರ ಬಿಟ್ಟು ಶಾಲೆಗೆ ಕರೆಯಿರಿ.

ಬಂದಾಗ ‘ನಿಮ್ಮ ಮಗ ಓದಲ್ಲ’ ಎಂಬ ತೀರ್ಪು ಬೇಡ, ಕಂಡದ್ದು ಹೇಳಿ. “ಕಥೆ ಕೇಳಿದರೆ ಪೂರ್ತಿ ಹೇಳುತ್ತಾನೆ. ಓದುವಾಗ ಒತ್ತಕ್ಷರ ಬಿಟ್ಟುಹೋಗುತ್ತದೆ. ನಾವು ಹೀಗೆ ಮಾಡುತ್ತೇವೆ, ನೀವು ಇಷ್ಟು ಮಾಡಿ.” ಮನೆಯ ಪಾಲು ಹತ್ತು ನಿಮಿಷ ಮೀರಬಾರದು. ಓದು ಬಾರದ ತಾಯಿಯೂ ಕೇಳಿಸಿಕೊಳ್ಳಬಲ್ಲರು. ಗಲ್ಫಿನಲ್ಲಿರುವ ಅಪ್ಪಂದಿರು ನಮ್ಮಲ್ಲಿ ಹಲವರು, ಶುಕ್ರವಾರ ವಿಡಿಯೊ ಕರೆಯಲ್ಲಿ ಮಗ ಒಂದು ಪ್ಯಾರಾ ಓದಿ ತೋರಿಸಲಿ. ‘ಎಷ್ಟು ಮಾರ್ಕ್ಸ್?’ ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತಿದ್ದ ಕರೆ ಬದಲಾದದ್ದನ್ನು ನಾನು ಕಂಡಿದ್ದೇನೆ. ಅಕ್ಕನ ಜತೆ, ಪಕ್ಕದ ಮನೆಯವರ ಜತೆ ಹೋಲಿಕೆ ನಿಲ್ಲಿಸಲು ಕೇಳಿಕೊಳ್ಳಿ. ಟ್ಯೂಷನ್ ಸೇರಿಸಬೇಕೇ ಎಂದು ಖಂಡಿತ ಕೇಳುತ್ತಾರೆ. ಏಳರವರೆಗೆ ಟ್ಯೂಷನ್, ಆಮೇಲೆ ಹೋಂವರ್ಕ್, ಹತ್ತೂವರೆಗೆ ನಿದ್ದೆ ಎಂದಾದರೆ ನಾನು ಬೇಡ ಎನ್ನುತ್ತೇನೆ.

ಎಂಟನೇ ಹೆಜ್ಜೆ: ತಜ್ಞರ ಬಳಿ ಕಳಿಸುವುದು

ಎರಡು ಸುತ್ತು, ಅಂದರೆ ಮೂರು ತಿಂಗಳು ಪ್ರಾಮಾಣಿಕವಾಗಿ ಮಾಡಿಯೂ ಮಗು ಅಲ್ಲೇ ನಿಂತಿದ್ದರೆ ತಜ್ಞರು ಬೇಕು. ಡಿಸ್ಲೆಕ್ಸಿಯಾ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಆಟಿಸಂ (ಬೇರೆಯವರೊಡನೆ ಬೆರೆಯಲು, ಮಾತಾಡಲು ತೊಡಕಾಗುವ ಸ್ಥಿತಿ) ಎಂಬ ಪದಗಳನ್ನು ಶಿಕ್ಷಕರು ಹೇಳಬಾರದು. ನಮ್ಮ ಕೆಲಸ ಕಂಡದ್ದನ್ನು ಬರೆದುಕೊಡುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗ ಇದೆ. ಮಾತು, ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಬಡ ತಾಯಿ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಓಡುವುದು ತಪ್ಪಬಹುದು. ಹೋಗುವಾಗ ನೋಟ್‌ಬುಕ್ಕಿನ ಪುಟದ ಪ್ರತಿ, ಕಣ್ಣು ಕಿವಿಯ ವರದಿ, ಮಗುವಿನ ಕೈಬರಹದ ಎರಡು ಹಾಳೆ ಕೊಟ್ಟು ಕಳಿಸಿ. ವೈದ್ಯರ ಅರ್ಧ ಕೆಲಸ ಅದರಲ್ಲೇ ಆಗುತ್ತದೆ.

ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಒಂದು. ಸಾಮಾನ್ಯವಾಗಿ ಎಂಟು ವರ್ಷ ತುಂಬಿದ ಮೇಲೆ ಇದನ್ನು ಖಚಿತಪಡಿಸುತ್ತಾರೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಮುಂತಾದ ಸೌಲಭ್ಯ ಸಿಗುತ್ತದೆ. ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷದಂತೆ ಹೆಚ್ಚು ಸಮಯ ಕೊಡುತ್ತಾರೆ. ಎಸ್ಸೆಸ್ಸೆಲ್ಸಿಗೆ ಶಾಲೆಯ ಮೂಲಕ ಮಂಡಳಿಗೆ ದಾಖಲೆ ಹೋಗಬೇಕು. ಇದನ್ನು ಹತ್ತನೇ ತರಗತಿಯ ಜನವರಿಯಲ್ಲಿ ನೆನಪಿಸಿಕೊಂಡರೆ ಪ್ರಯೋಜನವಿಲ್ಲ. ಎಂಟನೇ ತರಗತಿಯಲ್ಲೇ ಪರೀಕ್ಷೆ ಮಾಡಿಸಿ, ಒಂಬತ್ತರಲ್ಲಿ ಕಾಗದಪತ್ರ ಸಿದ್ಧವಾಗಿರಲಿ.

ಹಣ ಕೂಡಿದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ವಿಶೇಷ ಶಿಕ್ಷಕರೊಬ್ಬರನ್ನು ನೇಮಿಸಿ. ನಮ್ಮಂಥ ಮೂರು ಶಾಲೆಗಳು ಸೇರಿ ಒಬ್ಬರನ್ನು ಇಟ್ಟುಕೊಂಡಿದ್ದೇವೆ, ವಾರದಲ್ಲಿ ಎರಡೆರಡು ದಿನ.

ಕೊನೆಯ ಹೆಜ್ಜೆ: ಮಾರ್ಚ್‌ನ ಹಸ್ತಾಂತರ

ದಸರಾ ರಜೆಗೆ ಮೊದಲು ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಅದೇ ಹತ್ತು ನಿಮಿಷದ ಓದು ಮತ್ತೆ ಮಾಡಿ. ಗುರಿ ಮುಟ್ಟಿದ ಮಗುವನ್ನು ಗುಂಪಿನಿಂದ ಬಿಡಿ, ಆದರೆ ಪುಟ ಮುಚ್ಚಬೇಡಿ. ವರ್ಷವಿಡೀ ಕಟ್ಟಿದ್ದು ಬೇಸಗೆ ರಜೆಯಲ್ಲಿ ಕಳೆದುಹೋಗುವುದು ಹೊಸ ಶಿಕ್ಷಕರಿಗೆ ಏನೂ ಗೊತ್ತಿಲ್ಲದ್ದರಿಂದ. ಮಾರ್ಚ್ ಕೊನೆಯ ಶನಿವಾರ ಈ ವರ್ಷದ ಕ್ಲಾಸ್ ಟೀಚರ್ ಮತ್ತು ಮುಂದಿನ ವರ್ಷದ ಕ್ಲಾಸ್ ಟೀಚರ್ ಎದುರುಬದುರು ಕೂತು ಒಂದೊಂದೇ ಪುಟ ಓದಬೇಕು. ಮಗುವಿಗೆ ಐದು ನಿಮಿಷ ಸಾಕು.

ನಾಲ್ಕನೇ ತರಗತಿಯ ಆ ಹುಡುಗಿಯ ಪುಟ ಬಂದಾಗ ಫೆಬ್ರವರಿಯ ಸಾಲಿನಲ್ಲಿ 47 ಪದ ಎಂದಿತ್ತು. ಅರ್ಕಾವತ್ತು ಇನ್ನೂ ಬಾಕಿ. ಒಂದನೇ ತರಗತಿಯ ಕಥೆಯ ವಾರ ಒಮ್ಮೆಯೂ ತಪ್ಪಿರಲಿಲ್ಲ. ಐದನೇ ತರಗತಿಯ ಟೀಚರ್ ಓದುತ್ತಾ ಬಂದು ಒಂದು ಕಡೆ ಬೆರಳಿಟ್ಟು ಕೇಳಿದರು: “ಅಜ್ಜಿ ಈಗಲೂ ಕೇಳ್ತಾರಾ?” ಜನವರಿಯಿಂದ ಅಜ್ಜಿಗೆ ಹುಷಾರಿಲ್ಲ, ಮಂಚದ ಪಕ್ಕ ಕೂತು ಓದುತ್ತಾಳೆ ಎಂದು ನಾಲ್ಕನೇ ತರಗತಿಯ ಟೀಚರ್ ಹೇಳಿದರು. ಇವರು ಪೆನ್ನು ತೆಗೆದು ಹೊಸ ವರ್ಷದ ಮೊದಲ ಸಾಲಿನಲ್ಲಿ ಬರೆದುಕೊಂಡರು: ‘ಜೂನ್ ಮೊದಲ ವಾರ. ಮನೆಗೆ ಹೋಗಿ ಅಜ್ಜಿಯನ್ನು ನೋಡಿ ಬರುವುದು.’